ಕಾತ್ರಜದಾಚೆ ಸೊನ್ನೆ

“ಅಂಚಿನಲ್ಲಿ ಏನು ಇಟ್ಟಿದ್ದೀ?” ಸಂಶೋಧನೆಯ ಗೈಡ್ ದೇವಧರ ಮೇಡಂ ಮರಾಠಿಯಲ್ಲಿ ಕೇಳಿದರು. ಅವರ ಬೆರಳು ಪರದೆಯಲ್ಲಿದ್ದ ಪುಣೆಯ ನಕಾಶೆಯಲ್ಲಿ, ದಕ್ಷಿಣದ ಅಂಚಿನ ಕಾತ್ರಜದ ಮೇಲಿತ್ತು.

“ಸೊನ್ನೆ, ಮೇಡಂ,” ಎಂದಳು ಶೀತಲ್. “ಅದರಾಚೆ ಏನೂ ಹೋಗುವುದಿಲ್ಲ ಅಂತ.”

2009ರ ಆಗಸ್ಟ್. ಪುಣೆಯಲ್ಲಿ ಹಂದಿಜ್ವರ. ಶಾಲೆಗಳಿಗೆ ಬೀಗ, ಅಂಗಡಿಗಳಲ್ಲಿ ಮಾಸ್ಕಿಗೆ ಬರ. ಗಣಿತದಲ್ಲಿ ಸಂಶೋಧನೆಗೆ ಕೂತಿದ್ದ ಶೀತಲ್‌ಗೆ ಎಂಟು ದಿನದಿಂದ ಒಂದೇ ಧ್ಯಾನ. ನೀರಲ್ಲಿ ಶಾಯಿ ಹರಡಲಿ, ಕಬ್ಬಿಣದ ತಗಡಿನಲ್ಲಿ ಶಾಖ ಹರಡಲಿ, ಸಮೀಕರಣ ಒಂದೇ. ಹಾಗಾದರೆ ಊರಲ್ಲಿ ಜ್ವರಕ್ಕೂ ಅದೇ ಸಾಕು. ಶಾಖ ಅಂತ ಇದ್ದಲ್ಲಿ ಜ್ವರ ಅಂತ ಓದಿಕೊಂಡರಾಯಿತು. ಪರದೆಯ ಮೇಲೆ ಪುಣೆ ಮೆಲ್ಲಗೆ ಕೆಂಪಾಗುತ್ತಿತ್ತು. ಅವಳಿಗೆ ಅದರ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಬೇಕು?

“ತಗಡಿನ ಅಂಚಿಗೆ ಶಾಖ ಹೋಗದ ಹಾಗೆ ಬಟ್ಟೆ ಸುತ್ತಬಹುದು. ಪುಣೆಗೆ ಸುತ್ತಿದವರು ಯಾರು?” ಎಂದರು ಮೇಡಂ.

ಶೀತಲ್ ನಾಲಿಗೆ ಕಚ್ಚಿಕೊಂಡಳು. ವರ್ಷಕ್ಕೆ ನಾಲ್ಕು ಸಲ ಕಾತ್ರಜದಲ್ಲೇ ಅಕ್ಕನ ಊರಾದ ಸಂಕೇಶ್ವರದ ಬಸ್ಸು ಹತ್ತುವವಳು ತಾನು! ಕಬ್ಬಿಣದ ಲೆಕ್ಕ ತರುವಾಗ ಅದರ ಅಂಚನ್ನೂ ಕಣ್ಣು ಮುಚ್ಚಿ ಹೊತ್ತು ತಂದಿದ್ದಳು. ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಮನೆಯಲ್ಲಿ ಮಲಗಿರಬೇಕಾಗಿದ್ದ ಅವ್ವ, ನಾಗವ್ವ.

“ಕಾತ್ರಜದಾಗ ಸಂಕೇಶ್ವರದ ಬಸ್ಸಿನ್ಯಾಗ ಕುಂತೇನಿ. ನಾಡಿದ್ದ ನಿಮ್ಮಕ್ಕ ರೇಣುನ ಕುಬಸಾ ಅಲ್ಲೇನ?”

“ಯವ್ವಾ, ನಿನಗ ಜ್ವರ ಅದ! ಮುಂಜಾನೆ ಮೈ ಕೆಂಡ ಆಗಿತ್ತು!”

“ಮಾತ್ರಿ ನುಂಗೇನಿ, ಇಳದದ. ಹಡದಾಕಿ ನಾನ ಹಸರ ಸೀರಿ ಉಡಸಲಿಲ್ಲಂದ್ರ ಬೀಗರು ಏನಂದಾರು? ಸುಮ್ನ ಹೆದರಸಬ್ಯಾಡ.” ಫೋನ್ ಕಟ್ಟಾಯಿತು.

ರೇಣು ಏಳು ತಿಂಗಳ ಬಸುರಿ. ಗಂಡ ಪುಣೆಯಲ್ಲಿ ದುಡಿಯುತ್ತಿದ್ದ; ಕುಬಸ, ಅಂದರೆ ಸೀಮಂತ, ಸಂಕೇಶ್ವರದ ಅವಳ ಅತ್ತೆ ಮನೆಯಲ್ಲಿ. ಬಸುರಿಯರಿಗೆ ಈ ಜ್ವರ ತಗುಲಿದರೆ ಜೀವಕ್ಕೇ ಕುತ್ತು ಎಂದು ಶೀತಲ್ ಅವತ್ತೇ ಪೇಪರಿನಲ್ಲಿ ಓದಿದ್ದಳು. ಮೇಡಂಗೆ ಹೇಳದೆಯೇ ಓಡಿದಳು. ರಿಕ್ಷಾದವನಿಗೆ “ಲವಕರ್ ಭಾವು, ಲವಕರ್!” ಎಂದು ಅವಸರಪಡಿಸುತ್ತಲೇ ಕಾತ್ರಜ ಮುಟ್ಟಿದಾಗ ಬಸ್ಸಿನ ಇಂಜಿನ್ ಶುರುವಾಗಿತ್ತು. ನುಗ್ಗಿ, ಮುಂದಿನ ಸೀಟಿನಲ್ಲಿದ್ದ ಅವ್ವನ ರಟ್ಟೆ ಹಿಡಿದಳು. ಸುಡುತ್ತಿತ್ತು.

“ಇಳಿ.”

“ಮಂದಿ ಮುಂದ ಎಳದಾಡಬ್ಯಾಡ, ಹುಚ್ಚಿ!”

“ಬಯ್ಯಿ, ಬೇಕಾದ್ರ ಹೊಡಿ. ಮದಲ ಇಳಿ. ಅಕ್ಕಗ ಏನರ ಆದ್ರ ಏನ್ ಮಾಡ್ತಿ?”

ಎಳೆದೇ ಇಳಿಸಿದಳು. ಬಸ್ಸು ಘಾಟಿನ ಕಡೆ ತಿರುಗಿ ಮರೆಯಾಯಿತು. ಶೀತಲ್ ಫುಟ್‌ಪಾತಿನ ಮೇಲೆಯೇ ಕುಸಿದು ಕೂತಳು. ಸದ್ಯ, ಅಕ್ಕ ಉಳಿದಳು.

ನಾಗವ್ವ ಸೀರೆಯ ಗಂಟನ್ನು ಎದೆಗವಚಿಕೊಂಡು ನಡುಗುತ್ತ ನಿಂತಿದ್ದಳು. ಸಿಟ್ಟು ಇಳಿದಿರಲಿಲ್ಲ.

“ಈ ಸೀರಿನರ ರೇಣುನ ಗಂಡನ ಕೈಯಾಗ ಕೊಡಾಕ ಬಿಡಬೇಕಿತ್ತಲ್ಲ. ಹಿಂದಿನ ಸೀಟಿನ್ಯಾಗ ಮಕ್ಕೊಂಡಿದ್ದ, ಪಾಪ. ನಿನ್ನಿಯಿಂದ ಅವನ ಮೈ ನನಗಿಂತ ಭಾಳ ಕಾದದ.”