ರೋಗಿಯ ಪಾತ್ರ

ಜಪಾನಿಗೆ ಹೊರಟ ನರ್ಸುಗಳ ಭಾಷಾ ತರಗತಿ. ಅಂದಿನ ಪಾಠ ಫ್ಲೂ. ಮರುದಿನವೇ ಮೆಡಿಕಲ್ ತಪಾಸಣೆ. ಅದರಲ್ಲಿ ಫೇಲಾದವರಿಗೆ ವಿಮಾನವಿಲ್ಲ.

ರೋಗಿಯ ಪಾತ್ರವನ್ನು ಕಸ್ತೂರಿಯೇ ಕೇಳಿ ಪಡೆದಳು. ಗೆಳತಿ ಮಹಾನಂದಾ ನರ್ಸ್ ಆದಳು.

"ನೆತ್ಸು?" ಜ್ವರವಿದೆಯೇ ಎಂದು ಮಹಾನಂದಾ ಕೇಳಿದಳು. ಕಸ್ತೂರಿ ನಡುಗುತ್ತ ತಲೆಯಾಡಿಸಿದಳು.

"ಸೆಕಿ?" ಕೆಮ್ಮು?

ಕಸ್ತೂರಿ ಬಗ್ಗಿ ಬಗ್ಗಿ ಕೆಮ್ಮಿದಳು. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. "ಏನ್ ಆಕ್ಟಿಂಗ್ ಮಾಡ್ತಾಳ ನೋಡ್ರಿ!"

ಪಾಠದಲ್ಲಿದ್ದಂತೆ ಮಹಾನಂದಾ ಹಣೆಯತ್ತ ಕೈ ಚಾಚಿದಳು. ಕಸ್ತೂರಿ ಆ ಕೈಯನ್ನು ಗಟ್ಟಿಯಾಗಿ ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದಳು: "ಮುಟ್ಟಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ."

"ಭಾಳ ಛಲೋ ಆತು," ಎಂದರು ಟೀಚರ್. "ಈಗ ಅದಲುಬದಲು ಮಾಡ್ರಿ. ಕಸ್ತೂರಿ ನರ್ಸ್."

ಕಸ್ತೂರಿ ಎದ್ದು ನಿಂತು ನಗಲು ನೋಡಿದಳು. ಹಲ್ಲುಗಳ ಕಟಕಟ ಮಾತ್ರ ನಿಲ್ಲಲಿಲ್ಲ.