ನೀರಿಲ್ಲದ ಕೊಳದ ಮೇಲೆ

ಕಾರ್ಪೊರೇಟರ್ ಗುದ್ದಲಿ ಎತ್ತಿದ ಹೊತ್ತಿಗೆ, ಎಂಬತ್ತರ ವೆಂಕಟಸ್ವಾಮಿ ಬರೀ ಈಜುಚಡ್ಡಿಯಲ್ಲಿ ಡೈವಿಂಗ್ ಹಲಗೆಯ ತುದಿಗೆ ಬಂದು ನಿಂತರು. ಕೆಳಗೆ, ನೀರು ಖಾಲಿ ಮಾಡಿದ ಹಲಸೂರಿನ ಹಳೆಯ ಈಜುಕೊಳದ ತಳದಲ್ಲಿ, ಶಾಪಿಂಗ್ ಕಾಂಪ್ಲೆಕ್ಸಿನ ಗುದ್ದಲಿಪೂಜೆ ನಡೆಯುತ್ತಿತ್ತು. ಪುರೋಹಿತರ ಮಂತ್ರ ನಿಂತಿತು.

"ಯಜಮಾನ್ರೇ, ಬಿದ್ರೆ ಸತ್ತೋಗ್ತೀರಿ!" ಎಂದು ಕಾರ್ಪೊರೇಟರ್ ಕೂಗಿದ.

"ಬಿಳಿ ಸೋಲ್ಜರ್‌ಗಳ ಕಾಲದಲ್ಲಿ ಈ ಕೊಳ ಉಜ್ತಿದ್ದಿದ್ದು ನಮ್ಮಪ್ಪ ಕಣಯ್ಯ. ಆದ್ರೆ ನಮ್ಮೋರು ನೀರಿಗೆ ಕಾಲಿಡೋ ಹಾಗಿರ್ಲಿಲ್ಲ. ಅವ್ರು ತೊಲಗಿದ ಮಾರನೇ ದಿನ ಅಪ್ಪ ನನ್ನ ಎತ್ತಿ ಇದೇ ನೀರಿಗೆ ಎಸೆದ್ರು. ನೀನ್ಯಾರಯ್ಯ ಇದನ್ನ ಮುಚ್ಚೋಕೆ?"

"ಆಯ್ತು, ಮೊದ್ಲು ಇಳೀರಿ. ಆಮೇಲೆ ಮಾತಾಡೋಣ."

ವೆಂಕಟಸ್ವಾಮಿ ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿ ಮುಂದಕ್ಕೆ ಬಾಗಿದರು. ಕೆಳಗಿನ ಕುರ್ಚಿಗಳು ದಡಬಡನೆ ಖಾಲಿಯಾದವು.

"ನೀರು ಬಿಡ್ಸು, ಇಳೀತೀನಿ!"