ಸಣ್ಣಗಾದ ಬೆಳಕು

ಬಸುರಿಯರ ಹೊಟ್ಟೆ ಬೆಳಗುತ್ತಿದ್ದ ಕಾಲವದು. ಗದಗಿನ ಸಾವಂತ್ರಿಯ ಮೂರು ತಿಂಗಳ ಬಸಿರಂತೂ ಎಂಥ ಬೆಳಕು ಚೆಲ್ಲುತ್ತಿತ್ತೆಂದರೆ, ಓಣಿಯ ಹುಂಜಗಳೆಲ್ಲ ಮುಸ್ಸಂಜೆಗೇ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದವು. ಹಿಂದಿನ ಎರಡು ಬಸಿರೂ ಹೀಗೆಯೇ ಧಗಧಗಿಸಿ ಆರಿಹೋಗಿದ್ದವು.

"ಅದಕ್ಕ ಈ ಗುಳಿಗಿ. ಬೆಳಕು ಸಣ್ಣಾಗತೈತಿ, ಅಂಜಬ್ಯಾಡ್ರಿ," ಎಂದಿದ್ದರು ಡಾಕ್ಟರಮ್ಮ.

"ಉರಿಯೋ ದೀಪಾ ಯಾರರ ಕೈಯಾರೆ ಸಣ್ಣ ಮಾಡ್ತಾರೇನವಾ? ನುಂಗಬ್ಯಾಡ," ಎಂದು ಅತ್ತೆ ಗದರಿದಳು.

"ಎರಡು ಸಲ ನಿಮ್ಮ ಮಾತು ಕೇಳೇನ್ರೀ ಅತ್ತಿ," ಎಂದವಳೇ ಸಾವಂತ್ರಿ ಗುಳಿಗೆ ನುಂಗಿದಳು.

ಬೆಳಕು ಕಡಲೆಕಾಳಿನಷ್ಟಾಯಿತು, ಸಾಸಿವೆಯಷ್ಟಾಯಿತು, ಕೊನೆಗೆ ಸೀರೆಯ ಮೇಲಿಂದ ಏನೂ ಕಾಣದಾಯಿತು. ಹುಲಿಯ ಮೀಸೆ ಎಳೆದು ಬರುವಂಥ ಆ ಗಟ್ಟಿಗಿತ್ತಿಗೆ ಸೆರಗು ಸರಿಸಿ ನೋಡುವ ಧೈರ್ಯ ಬರಲಿಲ್ಲ.

ಅತ್ತೆ ಮೆಲ್ಲಗೆ ಪಕ್ಕದಲ್ಲಿ ಕೂತಳು. "ನಾ ನೋಡ್ಲೇನವಾ?"

"ಬ್ಯಾಡ್ರೀ ಅತ್ತಿ. ನೋಡೂತನಕರ ಐತಿ ಅಂತ ತಿಳಕೊಂಡಿರತೀನಿ."